ಮಿರಿಯಂ ಆಂಟಿಯ ಮನೆಯ ವಾರದ ನೀತಿ

ಅಕ್ಕಿ ರೊಟ್ಟಿಗೆ ಅಂತ ಸಬ್ಬಸಿಗೆ ಸೊಪ್ಪು ಹೆಚ್ಚುತ್ತ ನಿಂತಿದ್ದೆ. ಈ ದೇಶದಲ್ಲಿ ಸಬ್ಬಸಿಗೆಯನ್ನು ಎಳೆಮಗುವಿನ ಜುಟ್ಟಿನಷ್ಟು ಕಟ್ಟಿ, ಪ್ಲಾಸ್ಟಿಕ್ ಚೀಲದಲ್ಲಿ ಮಲಗಿಸಿ, ಮೀನಿನ ಮೇಲೆ ಉದುರಿಸಿಕೊಳ್ಳಿ ಅಂತ ಚಿತ್ರ ಹಾಕಿ ಮಾರುತ್ತಾರೆ. ನಾನು ಅಂಗಡಿಯಲ್ಲಿದ್ದಷ್ಟನ್ನೂ ಬಾಚಿಕೊಂಡರೆ ಬಿಲ್ ಹಾಕುವ ಹುಡುಗಿ "ಎಷ್ಟು ಮೀನಿದೆ ನಿಮ್ಮನೇಲಿ?" ಅಂತ ಕೇಳುತ್ತಾಳೆ. ಇರಲಿ. ಹೆಚ್ಚುತ್ತ ಹೆಚ್ಚುತ್ತ ಆ ವಾಸನೆ ಮೂಗಿಗೆ ಹತ್ತಿ, ಮೈಸೂರಿನ ನಮ್ಮ ಅಡುಗೆಮನೆ ಕಣ್ಣಿಗೆ ಕಟ್ಟಿತು ಅಂತ ಬರೆದರೆ ನೀವು ನಂಬುತ್ತೀರಿ, ನಮ್ಮಮ್ಮನಿಗೂ ಸಂತೋಷವಾಗುತ್ತದೆ. ಆದರೆ ಸುಳ್ಳು ಹೇಳಲಾರೆ. ನನಗೆ ನೆನಪಾದದ್ದು ಮ್ಯಾಂಚೆಸ್ಟರಿನ ಉತ್ತರಕ್ಕಿರುವ ಪ್ರೆಸ್ಟ್‌ವಿಚ್, ಅಲ್ಲಿನ ಮಿರಿಯಂ ಆಂಟಿಯ ಮನೆ.

ನಾನು ಆಗಷ್ಟೇ ಇಲ್ಲಿಯ ಆಸ್ಪತ್ರೆಗೆ ಬಂದು ಸೇರಿದ್ದ ಹೊಸ ಡಾಕ್ಟರು. ಶುರುವಿನಲ್ಲಿ ಫಾಲೋಫೀಲ್ಡಿನಲ್ಲಿ, ಎಂ.ಎಸ್ಸಿ. ಓದುತ್ತಿದ್ದ ಗೆಳತಿಯ ರೂಮಿನ ನೆಲದ ಮೇಲೆ ಮಲಗುತ್ತಿದ್ದೆ. ಆ ಬೀದಿಯ ವಿದ್ಯಾರ್ಥಿಗಳು ಪಾಸಾದರೂ ಕುಣಿಯುತ್ತಿದ್ದರು, ಫೇಲಾದರೂ ಕುಣಿಯುತ್ತಿದ್ದರು. ವಾರ್ಡಿನಲ್ಲಿ ನಿಂತಲ್ಲೇ ತೂಕಡಿಸುವ ಸ್ಥಿತಿ ಬಂದಾಗ ಆಸ್ಪತ್ರೆಯ ನೋಟಿಸ್ ಬೋರ್ಡಿನಲ್ಲಿ "ಗಲಾಟೆ ಮಾಡದವರಿಗೆ ರೂಮು ಇದೆ" ಅಂತ ಒಂದು ಚೀಟಿ ಕಂಡಿತು. ಬಸ್ಸು ಹತ್ತಿ ಹೋದೆ. ಬಾಗಿಲು ತೆಗೆದವರು ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದ, ನನ್ನ ಭುಜದೆತ್ತರದ, ಎಪ್ಪತ್ತರ ಹತ್ತಿರದ ಹೆಂಗಸು. ಅವರ ಬೆನ್ನ ಹಿಂದಿನಿಂದ ಘಮ್ಮೆಂದು ಸಬ್ಬಸಿಗೆ ವಾಸನೆ ಬಂತು. ನನಗೆ ಅಳು ಬರುವುದೊಂದು ಬಾಕಿ. ರೂಮು ನೋಡದೆಯೇ "ಆಯ್ತು, ಬರ್ತೀನಿ" ಅಂದುಬಿಟ್ಟೆ. ಆ ವಾಸನೆ ಕೋಳಿ ಸಾರಿನದು ಅಂತ ಸಸ್ಯಾಹಾರಿಯಾದ ನನಗೆ ಗೊತ್ತಾಗುವ ಹೊತ್ತಿಗೆ ಪೆಟ್ಟಿಗೆ ತಂದು ಇಳಿಸಿಯಾಗಿತ್ತು.

ಮೊದಲ ದಿನವೇ ಅಡುಗೆಮನೆಯ ನಿಯಮ ಹೇಳಿದರು. ಅವರು ಯಹೂದಿಗಳು, ಅದರಲ್ಲೂ ಕಟ್ಟುನಿಟ್ಟಿನವರು. ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ. ತೊಳೆಯುವ ಸಿಂಕು ಎರಡು, ಒರೆಸುವ ಬಟ್ಟೆಗೆ ಎರಡು ಬಣ್ಣ. ಇದು ಅದನ್ನು ಮುಟ್ಟುವ ಹಾಗಿಲ್ಲ, ಅದು ಇದನ್ನು ಮುಟ್ಟುವ ಹಾಗಿಲ್ಲ. "ಹಿಂದೆ ಇದ್ದ ಹುಡುಗಿಗೆ ಇದು ತಲೆಗೆ ಹತ್ತಲೇ ಇಲ್ಲ," ಅಂತ ನಿಟ್ಟುಸಿರು ಬಿಟ್ಟರು. ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ಮೊಸರಿಗೆ ಹಾಕಿದರೆ "ಮುಸುರೆ! ಮುಸುರೆ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ ಅಜ್ಜಿಯ ಕೈಕೆಳಗೆ ಬೆಳೆದವಳು ನಾನು. ನನಗೆ ಯಾರು ಹೇಳಿಕೊಡಬೇಕು? ಒಂದೇ ಸಲಕ್ಕೆ ಪಾಠ ಒಪ್ಪಿಸಿಬಿಟ್ಟೆ. ಮಿರಿಯಂ ಆಂಟಿ ಆ ಸಂಜೆ ಸ್ನೇಹಿತೆಯರಿಗೆಲ್ಲ ಫೋನು ಮಾಡಿ, ಮನೆಗೊಬ್ಬಳು ಹಿಂದೂ ಡಾಕ್ಟರು ಬಂದಿದ್ದಾಳೆ, ಹುಟ್ಟಿನಿಂದಲೇ ಅವಳಿಗೆ ಎಲ್ಲ ಗೊತ್ತು ಅಂತ ಹೇಳಿಕೊಂಡರು. ಬರೀ ಮಿರಿಯಂ ಅನ್ನು, ಆಂಟಿ ಬೇಡ ಅಂತ ಎಷ್ಟೋ ಹೇಳಿದರು. ನಮ್ಮಮ್ಮನಿಗಿಂತ ದೊಡ್ಡವರನ್ನು ಬರೀ ಹೆಸರಿನಿಂದ ಕರೆಯಲು ನನಗೆ ಬಾಯಿ ಬರಲಿಲ್ಲ. ಅವರು ಮಾತ್ರ ಇವತ್ತಿಗೂ ನನ್ನನ್ನು "ಡಾಕ್ಟರ್" ಅಂತಲೇ ಕರೆಯುತ್ತಾರೆ.

ಈಗ ಶುಕ್ರವಾರಕ್ಕೆ ಬರೋಣ. ಶುಕ್ರವಾರ ಸೂರ್ಯ ಇಳಿದರೆ ಅವರಿಗೆ ಸಬ್ಬತ್ ಶುರು. ಶನಿವಾರ ಕತ್ತಲಾಗುವವರೆಗೆ ಒಲೆ ಹಚ್ಚುವುದಿಲ್ಲ, ಸ್ವಿಚ್ಚು ಒತ್ತುವುದಿಲ್ಲ, ಕಾರು ಬಸ್ಸು ರೈಲು ಯಾವುದನ್ನೂ ಹತ್ತುವುದಿಲ್ಲ. ಊಟಕ್ಕೆ ಬರುವವರು ನಡೆದೇ ಬರಬೇಕು. ಮೇಜಿನ ಮೇಲೆ ಮೇಣದಬತ್ತಿ, ಜಡೆಯ ಹಾಗೆ ಹೆಣೆದ ಬ್ರೆಡ್ಡು, ಸಾರು. ನನಗೆ ಬೇರೆ ಪಾತ್ರೆಯಲ್ಲಿ ತರಕಾರಿ ಸಾರು. ಊಟದ ನಡುವೆ ಪಾಠ. ಅವರ ಧರ್ಮಗ್ರಂಥ ತೋರಾವನ್ನು ವರ್ಷದ ವಾರಗಳಿಗೆ ಹಂಚಿಟ್ಟಿದ್ದಾರೆ. ವಾರಕ್ಕೊಂದು ಭಾಗ, ವರ್ಷ ಮುಗಿದರೆ ಮತ್ತೆ ಮೊದಲಿನಿಂದ. ಆ ವಾರದ ಭಾಗದಿಂದ ನಮ್ಮ ಬಾಳಿಗೆ ಏನು ಬುದ್ಧಿ ಬಂತು ಅಂತ ಊಟಕ್ಕೆ ಕೂತವರೆಲ್ಲ ಒಂದೊಂದು ಮಾತು ಹೇಳಬೇಕು. ಅದು ಆ ಮನೆಯ ಪದ್ಧತಿ.

"ಆಂಟಿ, ನಾನು ಹಿಂದೂ," ಅಂದೆ.

"ಹಿಂದೂಗಳಿಗೆ ಬುದ್ಧಿ ಬೇಡವಾ?" ಅಂದರು.

ಸರಿ, ಎಡಗಡೆ ಹೀಬ್ರೂ, ಬಲಗಡೆ ಇಂಗ್ಲಿಷು, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಹಿರಿಯರ ವಿವರಣೆ ಇದ್ದ ಒಂದು ದಪ್ಪ ಪುಸ್ತಕ ಕೈಗೆ ಕೊಟ್ಟರು. ನಾನು ಅದನ್ನು ಬಸ್ಸಿನಲ್ಲಿ ವೈವಾ ಪರೀಕ್ಷೆಗೆ ಓದುವ ಹಾಗೆ ಓದತೊಡಗಿದೆ. ಮೊದಲ ವಾರ ಸಿಕ್ಕಿದ್ದು ಹೊಸ ಮನೆ ಕಟ್ಟಿದರೆ ಮಾಳಿಗೆಯ ಅಂಚಿಗೆ ಅಡ್ಡಗೋಡೆ ಕಟ್ಟು, ಯಾರಾದರೂ ಬಿದ್ದಾರು ಅನ್ನುವ ವಿಧಿ. ನನಗೆ ಹಿಗ್ಗೋ ಹಿಗ್ಗು. ವಯಸ್ಸಾದವರು ಬೀಳುವುದು, ಸೊಂಟದ ಮೂಳೆ ಮುರಿಯುವುದು ಎಲ್ಲ ವಿವರಿಸಿ, ಆದ್ದರಿಂದ ಬಚ್ಚಲುಮನೆಯಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿಕೊಳ್ಳಬೇಕು ಅಂತ ಮುಗಿಸಿದೆ. ಎದುರು ಕೂತಿದ್ದವರು ಚಮಚ ಕೆಳಗಿಟ್ಟು, "ಮೂರು ಸಾವಿರ ವರ್ಷ ನಡೆದೂ ನಡೆದೂ ತೋರಾ ಇವತ್ತು ಬಚ್ಚಲುಮನೆ ಮುಟ್ಟಿತು," ಅಂದರು.

ಎದುರು ಕೂತಿದ್ದವರು ಮಿರಿಯಂ ಆಂಟಿಯ ತಮ್ಮ, ಸಾಲಿ ಅಂಕಲ್. ಹೆಂಡತಿ ತೀರಿಕೊಂಡ ಮೇಲೆ ಎರಡು ಬೀದಿ ಆಚೆ ಒಬ್ಬರೇ ಇದ್ದರು. ಕೆಲಸಕ್ಕಿದ್ದಷ್ಟು ಕಾಲ ಮಳೆಕೋಟಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿದವರು. ಮ್ಯಾಂಚೆಸ್ಟರಿನ ಮಳೆ ಅವರಿಗೆ ಯಾವತ್ತೂ ಕೆಲಸ ತಪ್ಪಿಸಲಿಲ್ಲ. ಆ ಮೇಜಿಗೆ ಕೂರುತ್ತಿದ್ದವರು ನಾವು ಮೂವರೇ. ಮೊದಲ ಶುಕ್ರವಾರವೇ ನನಗೆ ಒಂದು ವಿಚಿತ್ರ ಕಂಡಿತು.

"ಡಾಕ್ಟರ್, ನನ್ನ ತಮ್ಮನಿಗೆ ಇನ್ನೊಂದು ಸೌಟು ಸಾರು ಬೇಕಾ ಕೇಳು," ಅಂದರು ಮಿರಿಯಂ ಆಂಟಿ. ಆ ತಮ್ಮನೋ ಅಕ್ಕನ ಕೈಗೆಟುಕುವ ದೂರದಲ್ಲೇ ಕೂತಿದ್ದಾರೆ. ಪಾಪ, ಕಿವಿ ಮಂದವೇನೋ ಅಂತ ನಾನು ಜೋರಾಗಿ ಕೇಳಿದೆ.

"ಕಿರುಚಬೇಡಮ್ಮಾ, ಕೇಳಿಸ್ತು. ಬೇಕು ಅಂತ ನಮ್ಮಕ್ಕನಿಗೆ ಹೇಳು."

ಅವರಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ಆದರೆ ನನ್ನ ಮನಸ್ಸಿನಲ್ಲಿ ಅದು ನಮ್ಮೂರ ಕನ್ನಡವಾಗಿಯೇ ಉಳಿದಿದೆ, ಯಾಕೆಂದರೆ ಜಗಳದ ಧಾಟಿಯೆಲ್ಲ ನಮ್ಮೂರದೇ.

ಅಕ್ಕ ತಮ್ಮ ನೇರ ಮಾತಾಡಿ ಮೂರು ವರ್ಷವಾಗಿತ್ತು. ಕಾರಣ ಕೇಳಿ. ಅವರ ದೇವಾಲಯದ ಗುರುಗಳು, ರಬ್ಬಿ, ಒಂದು ಶನಿವಾರ ಊರಲ್ಲಿರಲಿಲ್ಲ; ವಾರದ ಭಾಗದ ಮೇಲೆ ಮಾತಾಡುವ ಕೆಲಸ ಸಾಲಿ ಅಂಕಲ್‌ಗೆ ಬಂತು. ಆ ವಾರ ಲೋಟನ ಹೆಂಡತಿಯ ಕತೆ. ಹೆಸರು ಕೇಳಿ ನಗಬೇಡಿ, ಕತೆ ಘೋರವಾಗಿದೆ. ಬೆಂಕಿ ಸುರಿದು ಊರು ನಾಶವಾಗುತ್ತಿರುವಾಗ ಹಿಂದೆ ತಿರುಗಿ ನೋಡಬೇಡಿ ಅಂತ ದೇವದೂತರು ಹೇಳಿದ್ದರೂ ಆಕೆ ತಿರುಗಿ ನೋಡಿದಳು, ಉಪ್ಪಿನ ಕಂಬವಾದಳು. ಸಾಲಿ ಅಂಕಲ್ ಉತ್ಸಾಹದಲ್ಲಿ, "ನಮ್ಮಕ್ಕನೂ ಹೀಗೇ. ಮನೆ ಬಿಟ್ಟು ಹೊರಟರೆ ಗ್ಯಾಸ್ ಆರಿಸಿದೆನಾ ಅಂತ ಗೇಟಿಗೆ ಬರೋದರೊಳಗೆ ಮೂರು ಸಲ ತಿರುಗಿ ಹೋಗ್ತಾಳೆ. ಲೋಟನ ಹೆಂಡತಿ ಪ್ರೆಸ್ಟ್‌ವಿಚ್‌ನವಳಾಗಿದ್ದರೆ ಆ ಕಂಬ ಇವತ್ತು ನಮ್ಮ ಬಸ್ ಸ್ಟಾಪಿನಲ್ಲಿರ್ತಿತ್ತು," ಅಂದರಂತೆ. ಕೆಳಗೆ ಗಂಡಸರೆಲ್ಲ ನಕ್ಕರು. ಹೆಂಗಸರು ಕೂರುವುದು ಮೇಲಿನ ಅಂತಸ್ತಿನಲ್ಲಿ, ಅವರೂ ನಕ್ಕರು. ನಗದವರು ಒಬ್ಬರೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಆವತ್ತಿನಿಂದ ಮಾತು ನಿಂತಿತು.

ಹಾಗಂತ ಶುಕ್ರವಾರದ ಊಟ ನಿಲ್ಲಲಿಲ್ಲ. ಜಗಳ ಜಗಳದ ಪಾಡಿಗೆ, ಸಾರು ಸಾರಿನ ಪಾಡಿಗೆ. ಮಾತು ದಾಟಿಸಲು ನಡುವೆ ಒಬ್ಬರು ಬೇಕಿತ್ತು, ಅಷ್ಟೇ. ಮೇಲಿನ ರೂಮು ಬಾಡಿಗೆಗೆ ಕೊಡುವ ಯೋಚನೆ ಬಂದದ್ದೇ ಅದಕ್ಕೆ ಅಂತ ನನಗೆ ಆಮೇಲೆ ಅನುಮಾನ ಬಂತು. ನೀತಿ ಹೇಳುವ ಹೊತ್ತು ಬಂದರಂತೂ ಮುಗಿಯಿತು. ನಮ್ಮ ಕಡೆ ಹರಿಕಥೆ ದಾಸರು ಕತೆ ನಿಲ್ಲಿಸಿ, ಚಿಟಿಕೆ ಹಾಕುತ್ತ, ಮುಂದಿನ ಸಾಲಿನಲ್ಲಿ ಕೂತ ಊರ ಗೌಡರ ಕಡೆ ಒಂದು ನೀತಿ ಎಸೆಯುತ್ತಾರಲ್ಲ, ಹಾಗೆ ಇಬ್ಬರೂ ತೋರಾವನ್ನು ಬಗಲಲ್ಲಿಟ್ಟುಕೊಂಡು ಯುದ್ಧಕ್ಕೆ ಬರುತ್ತಿದ್ದರು. ಬಾಣವೆಲ್ಲ ನನ್ನ ಮೂಲಕ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ಗಾದೆ ಕೇಳಿದ್ದೆ. ಕೊತ್ತಿಯ ಕಷ್ಟ ಏನು ಅಂತ ಗೊತ್ತಾದದ್ದು ಅಲ್ಲಿ.

ನೋಹನ ವಾರ ಮಿರಿಯಂ ಆಂಟಿ ಹೇಳಿದರು: "ಡಾಕ್ಟರ್, ಊರೆಲ್ಲ ಮುಳುಗುತ್ತೆ ಅಂತ ದೇವರು ಹೇಳಿದಾಗ ನೋಹ ಒಂದೇ ಒಂದು ಮಾತು ಆಡಲಿಲ್ಲ. ತನ್ನ ಹಡಗು ಕಟ್ಟಿಕೊಂಡು, ಜೋಡಿ ಜೋಡಿ ಪ್ರಾಣಿಗಳನ್ನ ತುಂಬಿಕೊಂಡು ಒಳಗೆ ಕೂತ. ಕೆಲವರು ಗಂಡಸರು ಹಾಗೇ, ಕ್ಷಮಿಸಿ ಅನ್ನೋಕೆ ಬಾಯೇ ಇರಲ್ಲ."

"ಡಾಕ್ಟರ್," ಅಂದರು ಸಾಲಿ ಅಂಕಲ್, "ಕಿಟಕಿ ಮುಚ್ಚಿದ ಮನೇಲಿ ಅಷ್ಟೊಂದು ಪ್ರಾಣಿಗಳ ಕೂಗಾಟ ಕೇಳಿಕೊಂಡು ಬದುಕಿದನಲ್ಲ, ಅದನ್ನ ಯಾರೂ ನೆನೆಸಿಕೊಳ್ಳಲ್ಲ."

ಅಣ್ಣಂದಿರನ್ನೆಲ್ಲ ಬಿಟ್ಟು ಅಪ್ಪ ಮುದ್ದಿನ ಮಗ ಯೋಸೇಫನಿಗೆ ಮಾತ್ರ ಕೊಟ್ಟ ಬಣ್ಣದ ಅಂಗಿಯ ವಾರ, ಅಂಗಿ ಹೊಲಿದವನ ಹೆಸರು ಯಾಕೆ ಬರೆದಿಲ್ಲ ಅಂತ ತಮ್ಮನ ತಕರಾರು. ತಮ್ಮನನ್ನು ಮುದ್ದು ಮಾಡಿ ಕೆಡಿಸಿದ್ದಕ್ಕೆ ಮನೆ ಹಾಳಾಯಿತು ಅಂತ ಅಕ್ಕನ ನೀತಿ. ನನ್ನ ಸರದಿ ಬಂದಾಗ ನಾನು ಇಬ್ಬರನ್ನೂ ನೋಡಿ, ಹೆದರಿಕೊಂಡು, ಎಲ್ಲರೂ ಹೊಂದಿಕೊಂಡು ಹೋಗಬೇಕು ಅಂತ ಸರ್ಕಾರಿ ಶಾಲೆಯ ಗೋಡೆಬರಹದಂಥದ್ದೇನಾದರೂ ಹೇಳುತ್ತಿದ್ದೆ. ಅಷ್ಟು ಸಪ್ಪೆ ನೀತಿ ಆ ಮೇಜಿನ ಮೇಲೆ ಯಾರೂ ಬಡಿಸಿರಲಿಲ್ಲ ಅಂತ ಇಬ್ಬರ ಮುಖವೂ ಹೇಳುತ್ತಿತ್ತು. ಅದೊಂದು ವಿಷಯದಲ್ಲಿ ಅಕ್ಕ ತಮ್ಮನಿಗೆ ಒಮ್ಮತ.

ಹೀಗೆ ಚಳಿಗಾಲ ಕಳೆಯಿತು. ಮಾರ್ಚಿನ ಒಂದು ಶುಕ್ರವಾರ ಸಾಲಿ ಅಂಕಲ್ ಬಾಯಿ ಒರೆಸಿಕೊಂಡು, "ಡಾಕ್ಟರ್, ಆಸಕ್ತಿ ಇರೋರಿಗೆ ಹೇಳಿಬಿಡು. ಮುಂದಿನ ತಿಂಗಳ ನಮ್ಮ ಹಬ್ಬ ಕಳೆದ ಮೇಲೆ ನಾನು ಲೀಡ್ಸಿಗೆ ಹೋಗ್ತಿದೀನಿ, ಮಗನ ಮನೆಗೆ," ಅಂದರು.

ಮಿರಿಯಂ ಆಂಟಿಯ ಕೈಯಲ್ಲಿ ಸೌಟು ಹಾಗೇ ನಿಂತಿತು. "ಲೀಡ್ಸಿನಲ್ಲಿ ಏನಿದೆ ಅಂತ ಕೇಳು ಡಾಕ್ಟರ್."

"ಮಗನಿದ್ದಾನೆ. ಮುಖ ನೋಡಿ ಮಾತಾಡೋ ಸೊಸೆ ಇದ್ದಾಳೆ."

ಲೀಡ್ಸು ಏನು ಮಹಾ ದೂರ, ರೈಲು ಹತ್ತಿದರೆ ಒಂದು ಗಂಟೆ ಅನ್ನುತ್ತೀರಿ. ಮೊದಲನೆಯದಾಗಿ, ಮ್ಯಾಂಚೆಸ್ಟರಿನವರಿಗೆ ನಡುವಿನ ಬೆಟ್ಟ ದಾಟಿ ಯಾರ್ಕ್‌ಷೈರಿಗೆ ಹೋಗುವುದು ಅಂದರೆ ಏಳು ಸಮುದ್ರದ ಆಚೆ ಹೋದ ಹಾಗೆ. ಅದು ಹೋಗಲಿ. ಸಬ್ಬತ್ತಿನಲ್ಲಿ ರೈಲು ಹತ್ತುವ ಹಾಗಿಲ್ಲ. ಅಂದರೆ ಶುಕ್ರವಾರದ ಮೇಜಿಗೆ ಇನ್ನು ತಮ್ಮ ಇಲ್ಲ. ವಾರಕ್ಕೊಮ್ಮೆ ಜಗಳವಾಡಲಾದರೂ ಮುಖ ಕಾಣುತ್ತಿತ್ತು, ಅದೂ ಹೋಯಿತು.

ಮಾರನೆಯ ವಾರ ಮಿರಿಯಂ ಆಂಟಿ ಹಾಲಿನ ಪಾತ್ರೆಯನ್ನು ಮಾಂಸದ ಸಿಂಕಿನಲ್ಲಿ ತೊಳೆದರು. ನಮ್ಮಜ್ಜಿ ಮುಸುರೆ ಮರೆತ ಹಾಗೆ ಅದು. "ಆಂಟಿ, ನೀವೇ ಹೋಗಬೇಡ ಅನ್ನಬಾರದಾ?" ಅಂದೆ. "ನನಗೇನಾಗಬೇಕು, ಸಾರು ಮಿಗುತ್ತೆ ಅಷ್ಟೇ," ಅಂದು ಮುಖ ತಿರುಗಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ನೀನು ಹೇಳಿ ನೋಡು, ನಾನು ಹೇಳಿದೆ ಅಂತ ಹೇಳಬೇಡ," ಅಂದರು. ಅದನ್ನು ಹೊತ್ತುಕೊಂಡು ಸಾಲಿ ಅಂಕಲ್ ಮನೆಗೆ ಹೋದರೆ ಅವರು, "ಅವಳು ಬೇಡ ಅಂದರೆ ಖಂಡಿತ ಹೋಗಲ್ಲ. ಆದರೆ ಅವಳ ಬಾಯಿಂದ ಬರಬೇಕು. ನಾನು ಹೀಗಂದೆ ಅಂತ ಹೇಳಬೇಡ," ಅಂದರು. ನೋಡಿ ನನ್ನ ಗತಿ! ಇಬ್ಬರ ಮನಸ್ಸಿನಲ್ಲಿ ಇರುವುದೂ ಗೊತ್ತು, ಇಬ್ಬರಿಗೂ ಹೇಳುವ ಹಾಗಿಲ್ಲ. ಆ ವಾರ ನನಗೆ ಊಟ ಸೇರಲಿಲ್ಲ, ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ 'ಮೆಟ್ಸೋರಾ' ಅನ್ನುವ ಭಾಗದ ವಾರ ಬಂತು. ಪುಸ್ತಕ ತೆಗೆದು ನೋಡುತ್ತೇನೆ, ಬರೀ ಚರ್ಮರೋಗ! ನಾನಾಗ ಆಸ್ಪತ್ರೆಯಲ್ಲಿ ಚರ್ಮದ ವಿಭಾಗದ ಪಾಳಿಯಲ್ಲಿದ್ದೆ. "ಇದು ನಿನ್ನ ಭಾಗ, ಡಾಕ್ಟರ್," ಅಂತ ಮಿರಿಯಂ ಆಂಟಿ ಮೊದಲೇ ಹೇಳಿದ್ದರು. ಆ ಕಾಲದಲ್ಲಿ ಮೈಮೇಲೆ ಮಚ್ಚೆ ಎದ್ದರೆ ಪುರೋಹಿತನೇ ಬಂದು ಪರೀಕ್ಷೆ ಮಾಡಿ, ವಾರ ಬಿಟ್ಟು ಮತ್ತೆ ನೋಡುತ್ತಿದ್ದನಂತೆ. ವಾರಕ್ಕೇ ಎರಡನೇ ಅಪಾಯಿಂಟ್‌ಮೆಂಟ್! ನಮ್ಮ ಕ್ಲಿನಿಕ್ಕಿನಲ್ಲಿ ಅದು ಕನಸು. ಮೈಗೆ ಮಾತ್ರವಲ್ಲ, ಮನೆಯ ಗೋಡೆಗೂ ರೋಗ ಬರುತ್ತದೆ; ಹಸಿರು ಕೆಂಪು ಕಲೆ ಏಳುತ್ತದೆ. ಮ್ಯಾಂಚೆಸ್ಟರಿನಲ್ಲಿ ಯಾವ ಗೋಡೆಗೆ ಅದು ಬಂದಿಲ್ಲ ಹೇಳಿ. ಓದುತ್ತ ಓದುತ್ತ ಕೆಳಗಿನ ಇರುವೆ ಸಾಲಿನಲ್ಲಿ ಒಂದು ವಿವರಣೆ ಕಣ್ಣಿಗೆ ಬಿತ್ತು. ನಾನು ಇಳಿಯಬೇಕಾದ ಸ್ಟಾಪು ದಾಟಿಹೋಯಿತು.

ಶುಕ್ರವಾರ ಮೊದಲ ಬಾಣ ಮಿರಿಯಂ ಆಂಟಿಯದು. "ಡಾಕ್ಟರ್, ಬೇರೆಯವರ ಬಗ್ಗೆ ಹಗುರವಾಗಿ ಮಾತಾಡಿದರೆ ಈ ರೋಗ ಬರುತ್ತೆ ಅಂತಾರೆ ನಮ್ಮ ಹಿರಿಯರು. ನನ್ನ ಹೆಸರಿನವಳೇ ಒಬ್ಬಳು ಮಿರಿಯಂ ಇದ್ದಳು, ನಮ್ಮ ಪ್ರವಾದಿ ಮೋಶೆಯ ಅಕ್ಕ. ತಮ್ಮನ ಬಗ್ಗೆ ಏನೋ ಒಂದು ಮಾತು ಆಡಿದಳು ಪಾಪ, ಮೈಯೆಲ್ಲ ಬೆಳ್ಳಗಾಗಿಹೋಯಿತು. ದೇವಾಲಯದ ತುಂಬ ಜನರ ಮುಂದೆ ಅಕ್ಕನ ಬಗ್ಗೆ ಆಡಿದವರಿಗೆ ಮಾತ್ರ ಒಂದು ಮೊಡವೆ ಕೂಡ ಬರಲಿಲ್ಲ."

"ಡಾಕ್ಟರ್, ನನಗೆ ಮೊಣಕೈ ಹತ್ತಿರ ಎಕ್ಸಿಮಾ ಇದೆ ಅಂತ ಹೇಳು. ಅವಳಿಗೆ ಸಮಾಧಾನವಾಗಲಿ," ಅಂದರು ಸಾಲಿ ಅಂಕಲ್, ತೋಳು ಮೇಲಕ್ಕೆತ್ತುತ್ತ.

ನಾನು ಆ ಮಾತನ್ನು ದಾಟಿಸಲಿಲ್ಲ. "ಈಗ ನನ್ನ ಸರದಿ," ಅಂದೆ. "ಮನೆ ಗೋಡೆಗೆ ರೋಗ ಬಂದರೆ ಮನೆ ಯಜಮಾನ ಪುರೋಹಿತನ ಹತ್ತಿರ ತಾನೇ ಹೋಗಿ ಹೇಳಬೇಕಂತೆ. ಬೇರೆಯವರ ಕೈಲಿ ಹೇಳಿ ಕಳಿಸೋ ಹಾಗಿಲ್ಲವಂತೆ. ನಿಮ್ಮ ಹಿರಿಯರೇ ಬರೆದಿದಾರೆ. ಯಾರ ಮನೇಲಿ ರೋಗವೋ ಅವರೇ ಬಾಯಿಬಿಡಬೇಕು. ನಾನು ಬಾಡಿಗೆಗೆ ಇರೋಳು. ಇವತ್ತಿನಿಂದ ಈ ಮನೆ ಮಾತು ನಾನು ಹೊರಲ್ಲ."

ಪೆಟ್ಟಿಗೆ ಕಟ್ಟಿಕೊಂಡು ಮತ್ತೆ ಫಾಲೋಫೀಲ್ಡಿನ ನೆಲಕ್ಕೆ ಹೋಗುವುದೇ ಸೈ ಅಂದುಕೊಂಡೆ.

"ಡಾಕ್ಟರ್, ಸಾರು ಆರಿಹೋಗುತ್ತೆ ಅಂತ ನನ್ನ ತಮ್ಮನಿಗೆ..." ಅಂತ ಶುರು ಮಾಡಿದರು ಮಿರಿಯಂ ಆಂಟಿ. ನಾನು ತಟ್ಟೆ ನೋಡುತ್ತ ಕೂತೆ. ಅವರು ಕರವಸ್ತ್ರ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಆಮೇಲೆ ಮೂರು ವರ್ಷದಲ್ಲಿ ಮೊದಲ ಸಲ ಆ ಹೆಸರು ಅವರ ಬಾಯಿಂದ ಬಂತು.

"ಸಾಲಿ. ಅಪ್ಪ ಅಮ್ಮ ಇಬ್ಬರೂ ಕಾರ್ಖಾನೆಗೆ ಹೋಗ್ತಿದ್ದರು. ನಿನ್ನ ಮಲಗಿಸಿ ನಾನು ಬ್ರೆಡ್ಡು ತರೋಕೆ ಅಂಗಡಿಗೆ ಓಡಬೇಕಿತ್ತು. ಗ್ಯಾಸು ಸರಿಯಾಗಿ ಆರಿಸಿದೆನಾ ಅಂತ ಗೇಟಿನಿಂದ ತಿರುಗಿ ತಿರುಗಿ ಹೋಗಿ ನೋಡ್ತಿದ್ದೆ. ಆಗ ಹತ್ತಿದ ಅಭ್ಯಾಸ, ಈಗಲೂ ಹೋಗಿಲ್ಲ. ತಿರುಗಿ ನೋಡ್ತಾಳೆ ಅಂತ ಅಷ್ಟು ಜನರ ಮುಂದೆ ಹೇಳಿದೆಯಲ್ಲ. ಒಳಗೆ ಯಾರಿದ್ದರು ಅಂತ ಹೇಳಿದೆಯಾ?"

ಸಾಲಿ ಅಂಕಲ್ ಎತ್ತಿದ್ದ ತೋಳು ಇಳಿಸುವುದನ್ನೂ ಮರೆತರು. ಅವರ ಕಣ್ಣು ತುಂಬಿತ್ತು, ನನ್ನದಂತೂ ಸುರಿಯುತ್ತಿತ್ತು.

"ನನಗೆ ಗೊತ್ತಿರಲಿಲ್ಲ ಮಿರಿಯಂ. ತಪ್ಪಾಯಿತು."

"ಸಾರು ಕುಡಿ."

"ನಾನು ಲೀಡ್ಸಿಗೆ ಹೋಗಲಾ, ಬೇಡವಾ?"

"ಹೋಗು, ನನಗೇನು," ಅಂದರು ಮಿರಿಯಂ ಆಂಟಿ. "ಶುಕ್ರವಾರ ಊಟಕ್ಕೆ ನಡಕೊಂಡು ಬಾ."

ಸಾಲಿ ಅಂಕಲ್ ತಮ್ಮ ಮೊಣಕಾಲನ್ನು ಒಮ್ಮೆ ನೋಡಿಕೊಂಡು, ಬಟ್ಟೆ ಅಳೆಯುವವರ ಹಾಗೆ ಗಂಭೀರವಾಗಿ ಯೋಚಿಸಿದರು. "ಅಷ್ಟು ದೂರ ಆಗಲ್ಲ. ಇಲ್ಲೇ ಇರ್ತೀನಿ," ಅಂದು ಸಾರಿಗೆ ಚಮಚ ಹಾಕಿದರು.

ಕತೆ ಇಲ್ಲಿಗೆ ಸುಖಾಂತ ಅಂದುಕೊಂಡಿರಾ? ಮುಂದಿನ ಶುಕ್ರವಾರದಿಂದ ಇಬ್ಬರೂ ನೇರವಾಗಿ ಜಗಳವಾಡತೊಡಗಿದರು. ಮೂರು ವರ್ಷದ ಜಗಳ ಬಾಕಿ ಇತ್ತಲ್ಲ! ನಡುವೆ ನಾನೊಬ್ಬಳಿದ್ದೇನೆ ಅನ್ನುವ ಪರಿವೆಯೇ ಇಲ್ಲ. ನನ್ನ ನೀತಿಯನ್ನು ಕೇಳುವವರೂ ಇಲ್ಲದೆ, ಕೆಲಸ ಹೋದ ಗುಮಾಸ್ತೆಯ ಹಾಗೆ ತರಕಾರಿ ಸಾರು ಕುಡಿದು ಎದ್ದು ಹೋಗುತ್ತಿದ್ದೆ. ಈಗಲೂ ಆಗಾಗ ಆ ಮನೆಗೆ ಹೋಗುತ್ತೇನೆ. ಇಬ್ಬರೂ ಎಂಬತ್ತರ ಆಜುಬಾಜು. ಕಿವಿ ನಿಜವಾಗಿ ಮಂದವಾಗಿರುವುದರಿಂದ ಜಗಳ ಬೀದಿಯ ತುದಿಗೆ ಕೇಳುತ್ತದೆ.

ರೊಟ್ಟಿ ತಟ್ಟಿ ಕಾವಲಿಗೆ ಹಾಕಿದೆ. "ಊಟಕ್ಕೆ ಬಾ ಅಂತ ನಿಮ್ಮಪ್ಪನಿಗೆ ಹೇಳು," ಅಂದೆ ಮಗಳಿಗೆ. ಅವಳು ಫೋನಿನಿಂದ ತಲೆ ಎತ್ತದೆ, "ಅಮ್ಮಾ, ಟೆಲ್ ಹಿಮ್ ಯುವರ್‌ಸೆಲ್ಫ್," ಅಂದಳು. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಭಾನುವಾರದಿಂದ ನಾನೂ ನನ್ನ ಗಂಡನೂ ಮಾತಾಡುತ್ತಿರಲಿಲ್ಲ. ಮನೆಯ ಹೀಟಿಂಗ್ ವಿಷಯ. ನಾನು ಏರಿಸುವುದು, ಅವರು ಇಳಿಸುವುದು, ನಾನು ಮತ್ತೆ ಏರಿಸುವುದು. ಜಗತ್ತು ಬಿಸಿಯಾಗುತ್ತಿರುವ ಬಗ್ಗೆ ಅವರು ಮಗಳಿಗೆ ಪಾಠ ಹೇಳುತ್ತಿದ್ದರು, ನನಗೆ ಕೇಳಿಸುವ ಹಾಗೆ. ಹಟಮಾರಿಗಳ ಬಗ್ಗೆ ನಾನು ಮಗಳಿಗೆ ಗಾದೆ ಹೇಳುತ್ತಿದ್ದೆ, ಅವರಿಗೆ ಕೇಳಿಸುವ ಹಾಗೆ. ಮಗುವಿಗೆ ಎರಡೂ ಕಡೆಯ ನೀತಿ ಸಾಕೋಸಾಕಾಗಿತ್ತು.

ಒಲೆ ಆರಿಸಿ ನಾನೇ ಮೇಲೆ ಹೋದೆ. ನನ್ನ ಗಂಡ ಮನೆಯೊಳಗೆ ಓವರ್‌ಕೋಟು ಹಾಕಿಕೊಂಡು, ಕಾಲಿಗೆ ಕಂಬಳಿ ಸುತ್ತಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಬಾಯಿಗೆ ಬಂದಿದ್ದ ಗಾದೆಯನ್ನೆಲ್ಲ ನುಂಗಿಕೊಂಡು, "ರೀ, ನನಗೆ ಚಳಿ ಆಗ್ತಿದೆ," ಅಂದೆ.

ಅವರು ನನ್ನನ್ನೇ ನೋಡಿದರು.

"ನನಗೂ ಕಣೇ," ಅಂದರು. "ಭಾನುವಾರದಿಂದ."